ಸೋತರೂ ಕೆಳಗಿಳಿಯದ ಲೀಗ್

ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಕೊನೇ ಸ್ಥಾನಕ್ಕೆ ಬಂದ ತಂಡ ಕೆಳಗಿನ ಲೀಗ್‌ಗೆ ಇಳಿಯೋದಿಲ್ಲ. ಯಾಕೆ ಅಂದ್ರೆ ನಾನು ಪೆಲೆ ಆಡಿದ್ದ ಹಳೇ ಎನ್‌ಎಎಸ್‌ಎಲ್ ಕಡೆ ಕೈ ತೋರಿಸ್ತೀನಿ. ಕೈಮೀರಿ ಖರ್ಚು ಮಾಡಿದ ಆ ಲೀಗ್ 1984ರ ಸೀಸನ್ ಮುಗಿಸಿ ಮತ್ತೆ ಏಳಲಿಲ್ಲ. ಆ ಭಯದಲ್ಲೇ, 1996ರಲ್ಲಿ 10 ತಂಡಗಳೊಂದಿಗೆ ಆಟ ಶುರುಮಾಡಿದ ಹೊಸ ಲೀಗ್ ಆಟಗಾರರ ಒಪ್ಪಂದಗಳನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು.

ಹಣ ಹಾಕಿದವರು ಬಚಾವ್. ಅಭಿಮಾನಿಗಳಿಗೆ ಬೇರೆ ಭಯ: ತಂಡ ಊರನ್ನೇ ಬಿಟ್ಟರೆ? 2017ರಲ್ಲಿ ಕೊಲಂಬಸ್ ಕ್ರೂ ತಂಡವನ್ನು ಆಸ್ಟಿನ್‌ಗೆ ಒಯ್ಯುವ ಯೋಜನೆ ಹೊರಬಿತ್ತು. ಅಭಿಮಾನಿಗಳು ಬೀದಿಗಿಳಿದರು. ಹಿಂದೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಊರು ಬಿಟ್ಟಾಗ ಮಾಡಿದ್ದ ಕಾನೂನು ಹಿಡಿದು ಓಹಾಯೋ ರಾಜ್ಯವೂ ಕೋರ್ಟ್‌ಗೆ ಹೋಯಿತು. ಕೊನೆಗೆ ಕ್ರೂವನ್ನು ಕೊಂಡವರಲ್ಲಿ, ನೋಡಿ, ಬ್ರೌನ್ಸ್‌ನ ಈಗಿನ ಮಾಲೀಕರೂ ಇದ್ದರು! 2020ರ ಎಂಎಲ್‌ಎಸ್ ಕಪ್ ಕೊಲಂಬಸ್‌ನಲ್ಲೇ ಉಳಿಯಿತು. ಆಸ್ಟಿನ್‌ನ ಹೊಸ ತಂಡ 2021ರಲ್ಲಿ ಕಣಕ್ಕಿಳಿಯಿತು.