ಆಕ್ಟೇನ್ ಏರಿದರೆ ಮೈಲೇಜ್ ಏರುತ್ತಾ?

ವೀಕ್ಷಕರೇ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಹೋದಾಗಲೆಲ್ಲ ಬಂಕಿನಲ್ಲಿ ನನಗೆ ಒಂದೇ ಪ್ರಶ್ನೆ: “ಪ್ರೀಮಿಯಂ ಪೆಟ್ರೋಲ್ ಹಾಕ್ಸಿದ್ರ ಮೈಲೇಜ್ ಜಾಸ್ತಿ ಬರ್ತದೇನ್ರಿ?” ಎಂಜಿನಿಯರಿಂಗ್ ಓದಿದವನಲ್ಲವೇ, ಉತ್ತರ ಹೇಳಲೇಬೇಕು. ಸಾಮಾನ್ಯ ಕಾರಿಗೆ ಬರಲ್ಲ. ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿಯ ಅಳತೆ ಅಲ್ಲ. ಸಿಲಿಂಡರಿನ ಒತ್ತಡಕ್ಕೆ ಹೊತ್ತಿಗೆ ಮುಂಚೆ ತಾನಾಗಿ ಉರಿದುಬಿಡದೆ ತಡೆದುಕೊಳ್ಳುವ ತಾಕತ್ತು. ತಡೆಯದಿದ್ದರೆ ಎಂಜಿನ್ ಕಟಕಟ ಅನ್ನುತ್ತೆ.

ಆ ಕಟಕಟಕ್ಕೆ ಮದ್ದು ಹುಡುಕಿದ ಕಥೆ ಕೇಳಿ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದ, ಸದ್ದು ನಿಂತಿತು. ಎಥೆನಾಲ್ ಬೆರೆಸಿದರೂ ನಿಲ್ಲುತ್ತೆ ಅಂತ ಅವನಿಗೆ ಗೊತ್ತಿತ್ತು! ಆದರೆ ಯಾರು ಬೇಕಾದರೂ ಬಟ್ಟಿ ಇಳಿಸಬಹುದಾದ ಮಾಲಿನಲ್ಲಿ ಕಂಪನಿಗೆ ಏನು ಲಾಭ? 1924ರಲ್ಲೇ ಆ ಸೀಸದ ಸಂಯುಕ್ತ ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಸತ್ತರು. ಆದರೂ ಮಕ್ಕಳ ಮೆದುಳು ಕೆಡಿಸುವ ಆ ಹೊಗೆಯನ್ನು ನಮ್ಮ ದೇಶ 2000ನೇ ಇಸವಿಯವರೆಗೂ ಕುಡಿಯಿತು.

ಈಗ ಎಥೆನಾಲ್ ವಾಪಸ್ ಬಂದಿದೆ. ಚಿಂಚೋಳಿಯಲ್ಲೇ ಅದರ ಘಟಕ ಎದ್ದಿದೆ. ಶೇ 20 ಎಥೆನಾಲ್ ಇರುವ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. ಆಕ್ಟೇನ್ 91ರಿಂದ 95ಕ್ಕೆ ಏರಿತು. ಮೈಲೇಜ್? ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಳೆ ಕಾರುಗಳಲ್ಲಿ ಶೇ 6–7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. 15 ಕಿ.ಮೀ. ಕೊಡುತ್ತಿದ್ದ ಕಾರು 14 ಕೊಡುತ್ತೆ. ಬಂಕಿನ ದರ ಮಾತ್ರ ಆ ಲೆಕ್ಕದಲ್ಲಿ ಇಳಿಯಲಿಲ್ಲ.