ಹಾಜರಿ ಪುಸ್ತಕದಲ್ಲಿ ಇಲ್ಲದ ಕೆಲಸ

ಚಿಮಣಿ ಎಂದರೆ ನಮ್ಮ ಮನೆಗಳಲ್ಲಿ ಬಹಳ ಕಾಲ ದೀಪ ಎಂದೇ ಅರ್ಥವಿತ್ತು. ಸಂಜೆಯಾಗುತ್ತಲೇ ‘ಚಿಮಣಿ ಹಚ್ಚು’ ಎಂದು ಅಡುಗೆಮನೆಯಿಂದ ಕೂಗು ಬರುತ್ತಿತ್ತು. ಲಾಟೀನಿನ ಗಾಜಿನ ಬುರುಡೆಗೆ ಇಂಗ್ಲಿಷಿನವರು ಇಟ್ಟ ಹೆಸರು ನಿಧಾನವಾಗಿ ಜಾರಿ ಇಡೀ ದೀಪಕ್ಕೆ ಅಂಟಿಕೊಂಡು, ಕೆಲವು ಊರುಗಳಲ್ಲಿ ಸೀಮೆಎಣ್ಣೆಯೇ ಚಿಮಣಿ ಎಣ್ಣೆಯಾಯಿತು. ಆ ಗಾಜು ಒರೆಸುವುದು ಮಕ್ಕಳ ಕೆಲಸ. ದೊಡ್ಡವರ ಕೈ ಅದರೊಳಗೆ ಹೋಗುತ್ತಿರಲಿಲ್ಲ. ಒಲೆಯ ಬೂದಿ, ಹಳೆ ಪಂಚೆಯ ಚೂರು, ಬಾಯಿಂದ ಊದಿದ ಒಂದಿಷ್ಟು ಹಬೆ, ಇಷ್ಟಿದ್ದರೆ ಗಾಜು ಫಳಫಳ. ಒಂದು ದಿನ ತಪ್ಪಿದರೂ ಬೆಳಕು ಮಂಕಾಗುತ್ತಿತ್ತು, ಬೈಗುಳ ಬೀಳುತ್ತಿತ್ತು. ಇದನ್ನು ಮೊದಲೇ ಹೇಳಲು ಕಾರಣವಿದೆ. ದೀಪದ ಚಿಮಣಿಯನ್ನು ದಿನವೂ ತಪ್ಪದೆ ಒರೆಸಿದ ಈ ಸೀಮೆಯಲ್ಲಿ ಮನೆಯ ಚಿಮಣಿಯನ್ನು ಒರೆಸುವುದು ಯಾರ ಕೆಲಸ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಹಾಗೆ ನೋಡಿದರೆ ನಮ್ಮ ಹಳೆಯ ಮನೆಗಳಿಗೆ ಚಿಮಣಿಯೇ ಇರಲಿಲ್ಲ. ಮೂಡಿಗೆರೆ, ಕಳಸದ ಕಡೆ ಅಡುಗೆಮನೆಯ ಹೊಗೆ ಮೊದಲು ಅಟ್ಟಕ್ಕೆ ಏರಿ, ಅಲ್ಲಿ ಮಾಡಬೇಕಾದ ಕೆಲಸವನ್ನೆಲ್ಲ ಮುಗಿಸಿ, ಆಮೇಲೆ ಹಂಚಿನ ಸಂದಿಗಳಲ್ಲಿ ಸಾವಕಾಶವಾಗಿ ಹೊರಗೆ ಹೋಗುತ್ತಿತ್ತು. ಹೊಗೆಗೆ ಕೆಲಸ ಬೇಕಾದಷ್ಟಿತ್ತು. ಮಳೆಗಾಲಕ್ಕೆ ಕೂಡಿಟ್ಟ ಸೌದೆ, ಒಣಗದೆ ಉಳಿದ ಅಡಿಕೆ, ಬೀಜಕ್ಕೆಂದು ಜಂತಿಗೆ ಕಟ್ಟಿದ ಸೌತೆಕಾಯಿ, ಉಪ್ಪಾಗೆ ಸಿಪ್ಪೆ, ಕೆಲವರ ಮನೆಯಲ್ಲಿ ಒಣಮಾಂಸ, ಎಲ್ಲವೂ ಅದರ ವಶದಲ್ಲಿದ್ದವು. ಜಂತಿ ರೀಪುಗಳ ಮೇಲೆ ಹೊಗೆ ಎಣ್ಣೆ ಹಚ್ಚಿದಂತೆ ಕಪ್ಪಗೆ ಕೂತು ಕುಟ್ಟೆ ಹುಳವನ್ನು ಹತ್ತಿರ ಬಿಡುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ನೂರು ವರ್ಷ ಗಟ್ಟಿಯಾಗಿದ್ದ ಜಂತಿಗಳಿಂದ ಹಿಟ್ಟು ಉದುರತೊಡಗಿದ್ದನ್ನು ಅನೇಕರು ನೋಡಿದ್ದಾರೆ. ಇಷ್ಟಾದರೂ ಆ ಹೊಗೆಯನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ. ಅಟ್ಟಕ್ಕೆ ಏರುವ ಮೊದಲು ಅದು ಒಲೆಯ ಮುಂದೆ ಕೂತವರ ಎದೆಯನ್ನು ಹೊಕ್ಕು ಹೋಗುತ್ತಿತ್ತು. ನಮ್ಮ ಅಜ್ಜಿಯ ಕೆಮ್ಮು ಊರಿಗೆಲ್ಲ ಗೊತ್ತಿತ್ತು. ಆಕೆ ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದಿದವರಲ್ಲ.

ಆದರೆ ಈ ಹೊಗೆಗೂ ಒಂದು ವ್ಯವಸ್ಥೆಯಿತ್ತು. ಬೇಸಿಗೆಯ ಕೊನೆಗೆ ಹಂಚು ಕೈಯಾಡಿಸುವಾಗ ಗಂಡಸರು ಮಾಡು ಹತ್ತುತ್ತಿದ್ದರು, ಒಡೆದ ಹಂಚು ಬದಲಾಗುತ್ತಿತ್ತು. ಹಬ್ಬದ ಮುಂಚೆ ಹೆಂಗಸರು ಉದ್ದ ಕೋಲಿಗೆ ಪೊರಕೆ ಕಟ್ಟಿ ಇಲ್ಲಣ ಹೊಡೆಯುತ್ತಿದ್ದರು. ಹೊಗೆ ಹೋಗುವ ದಾರಿ ಎಲ್ಲರ ಕಣ್ಣಿಗೆ ಕಾಣುತ್ತಿದ್ದುದರಿಂದ ಅದನ್ನು ಮರೆಯುವಂತಿರಲಿಲ್ಲ.

ಗೋಡೆಯೊಳಗೆ ಹುದುಗಿದ, ಕಣ್ಣಿಗೆ ಕಾಣದ ಹೊಗೆದಾರಿಯನ್ನು ತಂದವರು ದೊರೆಗಳು. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕ್ಯಾನನ್ ಎಂಬಾತ ಬಾಬಾಬುಡನ್‌ಗಿರಿಯ ದಕ್ಷಿಣದ ಸಾಲಿನಲ್ಲಿ ಕಾಫಿ ಹಾಕಿದ. 1856ರಲ್ಲಿ ರಾಬರ್ಟ್ ಎಲಿಯಟ್ ಮಂಜರಾಬಾದಿನಲ್ಲಿ ತೋಟ ಮಾಡಿದ. ತನ್ನ ಅನುಭವವನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಬರೆದ. ಮೊದಮೊದಲಿಗೆ ಅವರು ಹುಲ್ಲು ಮಾಡಿನಡಿಯಲ್ಲೇ ಕಾಲ ಕಳೆದವರು. ಕಾಫಿಗೆ ಬೆಲೆ ಬಂದಂತೆ ಬಂಗಲೆಗಳೆದ್ದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟದ ದಾರಿಗಳಲ್ಲಿ ಕೆಂಪು ಹಂಚು ಗಾಡಿಗಳಲ್ಲಿ ಮೇಲೇರಿ ಬಂತು. ಬಂಗಲೆಯ ನಡುಕೋಣೆಯ ಗೋಡೆಯಲ್ಲಿ ಬೆಂಕಿಗೂಡು, ಅದರ ಮೇಲೆ ಹಂಚಿನ ಮಾಡನ್ನು ಸೀಳಿಕೊಂಡು ನಿಂತ ಇಟ್ಟಿಗೆಯ ಗೋಪುರ.

ಚಿಕ್ಕಮಗಳೂರಿನ ಚಳಿಗೆ ಇದು ಬೇಕಿತ್ತೇ ಎಂದು ಕೇಳಬಹುದು. ಚಳಿಗಲ್ಲ, ಮಳೆಗೆ ಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬೆಟ್ಟಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೂಟಿಗೆ ಬೂಷ್ಟು ಹಿಡಿಯುತ್ತದೆ. ದೊರೆಗೆ ಊರಿನ ನೆನಪೂ ಇದ್ದಿರಬೇಕು.

ಊರಿನ ನೆನಪಿನ ಜೊತೆಗೆ ಅವರು ತರದೇ ಬಿಟ್ಟದ್ದು ಚಿಮಣಿ ಗುಡಿಸುವವನನ್ನು. ಅವರ ದೇಶದಲ್ಲಿ ಅದು ಒಂದು ಕಸುಬು, ಅದರ ಚರಿತ್ರೆ ಓದಿದರೆ ಹೊಟ್ಟೆ ತೊಳಸುತ್ತದೆ. ಲಂಡನ್ನಿನ ಕಲ್ಲಿದ್ದಲಿನ ಚಿಮಣಿಗಳು ಇಕ್ಕಟ್ಟಾಗಿ, ಅಂಕುಡೊಂಕಾಗಿ ಇರುತ್ತಿದ್ದವು. ಅವುಗಳೊಳಗೆ ಹತ್ತಲು ಬಡ ಮಕ್ಕಳನ್ನು ಇಟ್ಟುಕೊಳ್ಳುತ್ತಿದ್ದರು. ದೊಡ್ಡವರಾದ ಮೇಲೆ ಆ ಹುಡುಗರಿಗೆ ವೃಷಣದ ಚೀಲದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ ಎಂಬ ವೈದ್ಯ 1775ರಲ್ಲಿ ಗುರುತಿಸಿ ಮಸಿಯೇ ಕಾರಣ ಎಂದ. ಒಂದು ಕಸುಬಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸಿದ ಮೊದಲ ಸಂಗತಿಗಳಲ್ಲಿ ಇದೂ ಒಂದು. ಎಂಟು ವರ್ಷದೊಳಗಿನವರನ್ನು ಸೇರಿಸಬಾರದೆಂದು 1788ರಲ್ಲಿ ಕಾನೂನು ಬಂತು. 21 ವರ್ಷದೊಳಗಿನ ಯಾರೂ ಹತ್ತಬಾರದೆಂದು 1840ರಲ್ಲಿ ಇನ್ನೊಂದು. ಕಾನೂನು ಪುಸ್ತಕದಲ್ಲಿತ್ತು, ಹುಡುಗರು ಚಿಮಣಿಯಲ್ಲಿದ್ದರು. 1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಚಿಮಣಿಗೆ ಹತ್ತಿಸಿದ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗ ಅಲ್ಲೇ ಸಿಕ್ಕಿಕೊಂಡು ಸತ್ತ. ಆ ವರ್ಷ ಬಂದ ಕಾಯಿದೆ, ಪೊಲೀಸರ ಪರವಾನಗಿಯಿಲ್ಲದೆ ಈ ಕಸುಬು ಮಾಡುವಂತಿಲ್ಲ ಎಂದಾಗ ಪದ್ಧತಿ ನಿಂತಿತು. ಅಷ್ಟರೊಳಗೆ ಎಷ್ಟೋ ಕಾಲದಿಂದ ಬೆತ್ತದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ತುದಿಗೆ ಕುಂಚ ಕಟ್ಟಿದ ಸಲಕರಣೆ ಅವರಲ್ಲಿ ಇದ್ದೇ ಇತ್ತು. ಮಗುವಿನ ಕೂಲಿ ಅದಕ್ಕಿಂತ ಅಗ್ಗವಾಗಿತ್ತು, ಅಷ್ಟೆ.

ನಮ್ಮಲ್ಲಿ ಆ ಪಾಪ ನಡೆಯಲಿಲ್ಲ. ನಮ್ಮ ಒಳ್ಳೆಯತನದಿಂದ ಅಲ್ಲ. ಬಂಗಲೆಗಳು ಹೆಚ್ಚಾಗಿ ಒಂದೇ ಅಂತಸ್ತಿನವು, ಚಿಮಣಿ ಗಿಡ್ಡ, ಅಗಲ, ನೇರ. ಮೇಲಿನಿಂದಲೇ ಹಗ್ಗ ಇಳಿಬಿಡಬಹುದು. ಮೇಲಾಗಿ ಮೂರು ನಾಲ್ಕು ಮೈಲಿಗೊಂದು ಬಂಗಲೆ, ವರ್ಷಕ್ಕೆ ಮೂರು ತಿಂಗಳ ಬೆಂಕಿ. ಇದರಿಂದ ಯಾರ ಹೊಟ್ಟೆಯೂ ತುಂಬುವಂತಿರಲಿಲ್ಲ. ಹಾಗಾಗಿ ಕಸುಬು ಹುಟ್ಟಲಿಲ್ಲ. ಪ್ರತಿ ಕೆಲಸಕ್ಕೂ ಒಂದು ಜಾತಿ ಹುಡುಕುವ ನಮ್ಮ ಸಮಾಜಕ್ಕೆ ಈ ಕೆಲಸಕ್ಕೆ ಜಾತಿ ಹುಡುಕಲೂ ಪುರಸೊತ್ತಾಗಲಿಲ್ಲ. ಅದು ತೋಟದಲ್ಲಿ ‘ಇಲ್ಲ’ ಎನ್ನಲಾರದವನ ಪಾಲಿಗೆ ಬಂತು.

ಆ ಮನುಷ್ಯ ಸಾಮಾನ್ಯವಾಗಿ ಮರಗಸಿಯವನು. ಮಳೆಗೆ ಮುಂಚೆ ನೆರಳಿನ ಮರ ಹತ್ತಿ ಕೊಂಬೆ ಸವರುವವನಿಗೆ ಬಂಗಲೆಯ ಮಾಡು ಯಾವ ಲೆಕ್ಕ? ಮೂಡಿಗೆರೆ ಸಮೀಪದ ಒಂದು ಹಳೆಯ ಬಂಗಲೆಯಲ್ಲಿ ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊರೆಗಳು ಹೋಗಿ ಆಗಲೇ ಎರಡು ಕೈ ಬದಲಾಗಿದ್ದ ಮನೆ ಅದು. ಲೈನಿನಿಂದ ಬಂದ ಹಿರಿಯರೊಬ್ಬರು ಬೈನೆಯ ಗರಿಗಳನ್ನು ಕತ್ತರಿಸಿ ದಪ್ಪ ಕಂತೆ ಮಾಡಿ, ನಡುವೆ ಗುಂಡುಕಲ್ಲು ಸೇರಿಸಿ, ಬಾವಿ ಹಗ್ಗದಲ್ಲಿ ಬಿಗಿದರು. ಕೆಳಗೆ ಬೆಂಕಿಗೂಡಿನ ಬಾಯಿಗೆ ಒದ್ದೆ ಗೋಣಿ ಕಟ್ಟಿಸಿದರು. ಹಂಚು ಒಡೆಯದಂತೆ ಜಂತಿಯ ನೇರಕ್ಕೇ ಹೆಜ್ಜೆಯಿಟ್ಟು ಮೇಲೆ ಹೋದವರು ಕಂತೆ ಬಿಡುವ ಮೊದಲು ಕಿವಿ ಇಟ್ಟು ಆಲಿಸಿದರು.

“ಜೇನಿದೆ ಅಯ್ಯಾ, ತುಡುವೆ,” ಎಂದರು.

“ಕಿತ್ತು ಹಾಕು ಮತ್ತೆ,” ಎಂದರು ಕೆಳಗಿನಿಂದ ಯಜಮಾನರು.

“ಸಂಜೆಗೆ ತೆಗೀತೀನಿ. ಈಗ ಹೊಗೆ ಹಾಕಿದ್ರೆ ನಾನು ಇಳಿಯೋ ದಾರೀಲೇ ಅವೂ ಇಳೀತಾವೆ.”

ಸಂಜೆ ಜೇನು ತೆಗೆದರು. ಮರುದಿನ ಕಂತೆ ಮೇಲೆ ಕೆಳಗೆ ಆಡಿದಾಗ ಎರಡು ಬುಟ್ಟಿ ಮಸಿ ಬಿತ್ತು. ಅದರ ಜೊತೆಗೆ ಕಡ್ಡಿಗೂಡು, ಒಣಗಿದ ಬಾವಲಿ, ಡಾಂಬರಿನಂತೆ ಹೊಳೆಯುವ ಕಪ್ಪು ಚಕ್ಕೆಗಳು. ಚಕ್ಕೆಯೊಂದನ್ನು ಅವರು ಒಲೆಗೆ ಎಸೆದು ತೋರಿಸಿದರು. ಸೀಮೆಎಣ್ಣೆ ಹೊಯ್ದಂತೆ ಭಗ್ಗೆಂದಿತು. ಆ ದಿನದ ಹಾಜರಿ ಪುಸ್ತಕದಲ್ಲಿ ರೈಟರು ಏನು ಬರೆದರೆಂದು ಇಣುಕಿದೆ. ‘ಮರಗಸಿ’ ಎಂದಿತ್ತು. ಕಳೆ, ಕಪಾತು, ಗೊಬ್ಬರ ಎಂದು ಎಲ್ಲಕ್ಕೂ ಕಾಲಂ ಇರುವ ಆ ಪುಸ್ತಕದಲ್ಲಿ ಈ ಕೆಲಸಕ್ಕೆ ಹೆಸರಿರಲಿಲ್ಲ. ಹೆಸರಿಲ್ಲದ ಕೆಲಸವನ್ನು ಮುಂದಿನ ವರ್ಷ ಯಾರು ನೆನಪಿಡುತ್ತಾರೆ?

ಆ ಹೊಳೆಯುವ ಚಕ್ಕೆಯಲ್ಲಿ ಇಡೀ ವಿಷಯವಿದೆ. ಹಸಿ ಸೌದೆಯ ಹೊಗೆಯಲ್ಲಿ ನೀರಾವಿ ಮತ್ತು ಪೂರ್ತಿ ಉರಿಯದೆ ಉಳಿದ ಅಂಟು ಎರಡೂ ಇರುತ್ತವೆ. ತಣ್ಣನೆಯ ಗೋಡೆ ತಾಗಿದೊಡನೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ದುರದೃಷ್ಟವೆಂದರೆ ಸೌದೆ ಅತ್ಯಂತ ಹಸಿಯಾಗಿ, ಗೋಡೆ ಅತ್ಯಂತ ತಣ್ಣಗಿರುವ ತಿಂಗಳುಗಳಲ್ಲೇ ನಾವು ಬೆಂಕಿ ಹಾಕುವುದು. ಈ ಲೇಪ 3 ಮಿಲಿಮೀಟರ್ ಆಯಿತೆಂದರೆ ಕೆರೆಸಬೇಕು, 6 ದಾಟಿದರೆ ಬೆಂಕಿಯನ್ನೇ ಹಾಕಬಾರದು ಎನ್ನುವುದು ಈ ಕಸುಬು ಬಲ್ಲ ದೇಶಗಳ ಲೆಕ್ಕ. ಅದಕ್ಕೆ ಕಿಡಿ ತಾಗಿದರೆ ಚಿಮಣಿಯೊಳಗಿನ ಶಾಖ 1,000 ಡಿಗ್ರಿ ದಾಟಬಲ್ಲದು, ಇಟ್ಟಿಗೆ ಸೀಳುತ್ತದೆ. ಸೀಳಿನ ಆಚೆಗಿರುವುದು ನೂರು ವರ್ಷದ ಒಣಮರದ ಜಂತಿ. ಆ ದೇಶಗಳಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆ ಎಂಬುದು ಸಾಧಾರಣ ಮಾತು. ಜರ್ಮನಿಯಲ್ಲಂತೂ 2012ರ ಕೊನೆಯವರೆಗೆ ಪ್ರತಿ ಪ್ರದೇಶಕ್ಕೂ ಒಬ್ಬನೇ ಅಧಿಕೃತ ಚಿಮಣಿಗಾರ, ಬೇರೆಯವನನ್ನು ಕರೆಸುವಂತಿರಲಿಲ್ಲ.

ಹಾಗೆಂದು ನಮ್ಮವರಿಗೆ ಹೊಗೆಕೊಳವೆಯನ್ನು ನೋಡಿಕೊಳ್ಳಲು ಬರುವುದೇ ಇಲ್ಲ ಎನ್ನುವಂತಿಲ್ಲ. ಏಲಕ್ಕಿ ಒಣಗಿಸುವ ಗೂಡನ್ನು ನೋಡಿ. ಹೊರಗಿನ ಒಲೆಯಲ್ಲಿ ಬೆಂಕಿ. ಬಿಸಿಹೊಗೆ ತಗಡಿನ ಕೊಳವೆಗಳಲ್ಲಿ ಕೋಣೆಯನ್ನೆಲ್ಲ ಸುತ್ತಿ ಹೊರಗೆ ಹೋಗುತ್ತದೆ. ಒಂದು ಬೆಸುಗೆ ಬಿಟ್ಟರೂ ಏಲಕ್ಕಿಗೆ ಹೊಗೆ ವಾಸನೆ ಹಿಡಿದು, ಹಸಿರು ಕೆಟ್ಟು, ಬೆಲೆ ಬಿದ್ದುಹೋಗುತ್ತದೆ. ಆದ್ದರಿಂದ ಕೊಯ್ಲಿಗೆ ಮುಂಚೆ ಕೊಳವೆ ತಟ್ಟಿ ಮಸಿ ಉದುರಿಸಿ, ಸಂದುಗಳಿಗೆ ಮಣ್ಣು ಮೆತ್ತುವುದನ್ನು ಯಾರೂ ಮರೆಯುವುದಿಲ್ಲ. ಏಲಕ್ಕಿಗೆ ಹೊಗೆ ತಾಗಬಾರದು. ಅದೇ ಅಂಗಳದ ಆಚೆ ಅಡುಗೆಮನೆಯಲ್ಲಿ ಕೂತವರಿಗೆ ತಾಗಿದರೆ ಅಡ್ಡಿಯಿಲ್ಲ.

ಅಡುಗೆಮನೆಗೆ ಚಿಮಣಿ ತರಬೇಕೆಂದು ಹೊರಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಹಳ್ಳಿಗಳಿಗಾಗಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ ಶುರುಮಾಡಿದ ವಿಭಾಗದ ಹೆಸರು ‘ಅಸ್ತ್ರ’. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಮೂರು ಪಾತ್ರೆಯ ಅಸ್ತ್ರ ಒಲೆ ಮಲೆನಾಡಿಗೂ ಬಂತು. ಸೌದೆ ಉಳಿಯಿತು, ಗೋಡೆ ಬೆಳ್ಳಗಾಯಿತು, ಕಣ್ಣುರಿ ಹೋಯಿತು. ನನ್ನ ಪ್ರಕಾರ ನಮ್ಮ ಹೆಂಗಸರಿಗೆ ಆ ದಶಕದಲ್ಲಿ ಆದ ದೊಡ್ಡ ಉಪಕಾರ ಅದು. ಆದರೆ ಸಿಮೆಂಟ್ ಪೈಪಿನ ಆ ಸಣ್ಣ ಚಿಮಣಿಯನ್ನು ಆಗಾಗ ತೆರೆದು ಮಸಿ ತೆಗೆಯಲೇಬೇಕು. ಒಲೆ ಕಟ್ಟಿದವರು ಅದನ್ನು ಹೇಳಿಯೂ ಹೋಗಿದ್ದರು. ಹೇಳಿದ್ದು ಯಾರಿಗೆ? ಜಗಲಿಯಲ್ಲಿ ಕೂತ ಗಂಡಸರಿಗೆ. ಒಲೆ ಉರಿಸುವವರು ಒಳಗಿದ್ದರು, ಮಾಡು ಹತ್ತುವುದು ಅವರಿಗೆ ನಿಷಿದ್ಧ. ಪೈಪು ಕಟ್ಟಿತು, ಹೊಗೆ ತಿರುಗಿ ಒಳಗೆ ಬಂತು, ‘ಅಸ್ತ್ರ ಒಲೆ ಸರಿಯಿಲ್ಲ’ ಎಂಬ ತೀರ್ಪು ಜಗಲಿಯಿಂದ ಹೊರಬಿತ್ತು. ದೇಶದ ತುಂಬ ಹೊಗೆರಹಿತ ಒಲೆ ಹಂಚಿದ ಕೇಂದ್ರ ಸರ್ಕಾರದ ಕಾರ್ಯಕ್ರಮವೂ 2002ರಲ್ಲಿ ನಿಂತುಹೋಯಿತು. ಒಲೆ ಕೊಟ್ಟರು, ಅದನ್ನು ನೋಡಿಕೊಳ್ಳುವವರನ್ನು ಕೊಡಲಿಲ್ಲ. ದೊರೆಗಳು ಮಾಡಿದ್ದೂ ಅದನ್ನೇ.

ಈಗ ಬಂಗಲೆಗಳ ಕಾಲ ಮತ್ತೆ ತಿರುಗಿದೆ. ಬಹಳಷ್ಟು ಹಳೆಯ ಮನೆಗಳು ಹೋಂಸ್ಟೇಗಳಾಗಿವೆ. ವರ್ಷಗಟ್ಟಲೆ ಮುಚ್ಚಿದ್ದ ಬೆಂಕಿಗೂಡಿಗೆ ಸುಣ್ಣ ಬಳಿದು, ಬೆಂಗಳೂರಿನಿಂದ ಮಳೆ ನೋಡಲು ಬಂದವರ ಮುಂದೆ ಸಿಲ್ವರ್ ಓಕಿನ ಕೊರಡು ಉರಿಸುತ್ತಾರೆ. ನಮ್ಮ ನೆರೆಯ ಒಂದು ಮನೆಯಲ್ಲಿ ಹೀಗೇ ಬೆಂಕಿ ಹಾಕಿ, ಚಳಿಗೆ ಕಿಟಕಿ ಮುಚ್ಚಿ ಮಲಗಿದ್ದ ಗಂಡ ಹೆಂಡತಿ ಮಗು ಮೂವರೂ ಬೆಳಗಿನ ಜಾವ ತಲೆ ಎತ್ತಲಾರದ ಸ್ಥಿತಿಯಲ್ಲಿದ್ದರು. ಮಗು ವಾಂತಿ ಮಾಡಿಕೊಂಡದ್ದಕ್ಕೆ ತಾಯಿಗೆ ಎಚ್ಚರವಾಗಿ ಬಾಗಿಲು ತೆಗೆದಳು, ಉಳಿದರು. ಕೋಣೆಯಲ್ಲಿ ಹೊಗೆಯೇ ಇರಲಿಲ್ಲ ಎಂದು ಎಲ್ಲರಿಗೂ ಆಶ್ಚರ್ಯ. ಹೊಗೆ ಇರುವುದಿಲ್ಲ. ಉರಿ ಆರಿ ಬರೀ ಕೆಂಡ ಉಳಿದಾಗಲೇ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆ ಚಿಮಣಿಯಲ್ಲಿ ಮೊಣಕೈ ಉದ್ದದ ಜೇನುಹುಟ್ಟಿತ್ತು.

ಆಮೇಲೆ ಆ ಮನೆಯವರು ಚಿಕ್ಕಮಗಳೂರಿಗೆ ಫೋನು ಮಾಡಿ ಚಿಮಣಿ ಕ್ಲೀನ್ ಮಾಡುವವರನ್ನು ಕರೆಸಿದರು. ಬೈಕಿನಲ್ಲಿ ಒಬ್ಬ ಹುಡುಗ ಬಂದ. ಬೆಂಕಿಗೂಡಿನ ಮುಂದೆ ನಿಂತು ಮೇಲೆ ಕೆಳಗೆ ನೋಡಿ, “ಇದಲ್ಲ ಸಾರ್, ಗ್ಯಾಸ್ ಒಲೆ ಮೇಲೆ ಸ್ಟೀಲಿಂದು ಇರುತ್ತಲ್ಲ, ನಾವು ಅದನ್ನ ಮಾಡೋದು,” ಎಂದ. ದೀಪವಾಗಿದ್ದ ಮಾತು ಈಗ ವಿದ್ಯುತ್ ಪೆಟ್ಟಿಗೆಯಾಗಿದೆ. ಅದಕ್ಕೆ ಕಸುಬುದಾರರಿದ್ದಾರೆ, ರಸೀದಿಯಿದೆ.

ಕೊನೆಗೆ ಕೆಲಸ ಮಾಡಿದ್ದು ಗಾರೆಯವನೊಬ್ಬ ಮತ್ತು ಮರಗಸಿಯವನೊಬ್ಬ, ಇಬ್ಬರೂ ಸೇರಿ. ಮೊದಲು ಬೆಂಕಿಗೂಡಿನೊಳಗೆ ಕನ್ನಡಿ ಹಿಡಿದು ನೋಡಿದರು, ಆಕಾಶ ಕಾಣಲಿಲ್ಲ. ಜೇನುಹುಟ್ಟು ತೆಗೆದು, ಗುಡಿಸಿದ ಮೇಲೆ ಬೊಗಸೆಯಗಲದ ಬೆಳಕು ಕಂಡಿತು. ಹಸಿ ಸೊಪ್ಪು ಸುಟ್ಟು ಮೇಲೆ ಗೋಣಿ ಮುಚ್ಚಿ ಅಟ್ಟದಲ್ಲಿ ಕೂತು ನೋಡಿದಾಗ ಗೋಡೆಯ ಎರಡು ಕಡೆ ಹೊಗೆ ಸೋರಿತು. ಅಲ್ಲಿ ಗಾರೆ ಕೆರೆದು ಹೊಸದು ತುಂಬಿದರು. ಹಕ್ಕಿ, ಜೇನು ಹೊಗದಂತೆ ತುದಿಗೆ ಜಾಲರಿ, ಮಳೆ ಬೀಳದಂತೆ ಅದರ ಮೇಲೆ ನಾಲ್ಕು ಕಾಲಿನ ಕಲ್ಲುಚಪ್ಪಡಿ ಇಟ್ಟರು. ಒಟ್ಟು ಎರಡು ದಿನದ ಕೂಲಿ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಹೊತ್ತಿಗೇ ಮತ್ತೆ ಬರುತ್ತೇವೆಂದು ಹೇಳಿಹೋಗಿದ್ದಾರೆ. ಅವರ ಫೋನ್ ನಂಬರನ್ನು ನಾನೂ ಬರೆದಿಟ್ಟುಕೊಂಡಿದ್ದೇನೆ. ನಮ್ಮ ಬಚ್ಚಲೊಲೆಯ ಪೈಪು ಈ ಮಳೆಗಾಲದಲ್ಲಿ ಎರಡು ಸಲ ತಿರುಗಿ ಹೊಗೆ ಬಿಟ್ಟಿದೆ.