ನಡುಗಡ್ಡೆಯ ಗೂಡು, ನಾಲೆಯ ನೀರು

ಬೇಸಿಗೆ ಬಂತೆಂದರೆ ಹೊನ್ನಾಳಿ, ಚನ್ನಗಿರಿ ಕಡೆಯ ರೈತರು ಪೇಪರ್ ತೆಗೆದ ಕೂಡಲೇ ಹುಡುಕುವುದು ಭದ್ರಾ ಡ್ಯಾಂನ ಮಟ್ಟವನ್ನು. ಗರಿಷ್ಠ 186 ಅಡಿಯಲ್ಲಿ ಇವತ್ತು ಎಷ್ಟು ಉಳಿದಿದೆ, ತೋಟಕ್ಕೆ ಇನ್ನೊಂದು ಸರದಿ ನೀರು ಬಂದೀತೇ ಎಂಬುದು ಆ ಅಂಕಿಯಿಂದ ಗೊತ್ತಾಗುತ್ತದೆ. ಲಕ್ಕವಳ್ಳಿಯ ಹಿನ್ನೀರಿನ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ರಿವರ್ ಟರ್ನ್‌ಗಳ, ಅಂದರೆ ನದಿ ರೀವಗಳ, ಆ ವರ್ಷದ ಸಂಸಾರ ಏನಾಗುತ್ತದೆಂಬುದೂ ಅದೇ ಅಂಕಿಯಲ್ಲಿದೆ. ರೀವಗಳು ಕಡಲ ಹಕ್ಕಿಗಳ ಬಳಗದವು. ಈ ಪ್ರಭೇದ ಮಾತ್ರ ಒಳನಾಡಿನ ಹೊಳೆಗಳನ್ನು ನೆಚ್ಚಿಕೊಂಡಿದೆ. ಗುಂಪಾಗಿ ಗೂಡು ಮಾಡುವ ಇಂಥ ಹಕ್ಕಿಗಳನ್ನು ಕಾಯುವ ವಿದ್ಯೆ ಬೆಳೆದು ಬಂದದ್ದು ಬಹಳ ದೂರದ ಕಡಲ ಬಂಡೆಗಳ ಮೇಲೆ.

ಐಸ್‌ಲ್ಯಾಂಡ್ ಬಳಿಯ ಎಲ್ಡೆ ದ್ವೀಪದಲ್ಲಿ 1844ರಲ್ಲಿ ಗ್ರೇಟ್ ಆಕ್ ಹಕ್ಕಿಯ ಕೊನೆಯ ಜೋಡಿಯನ್ನು ಕೊಂದರು. ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಲ್ಲಿ ಮರಿ ಸಾಕುತ್ತಿದ್ದ ಹಕ್ಕಿಗಳನ್ನು ದೋಣಿಯಲ್ಲಿ ಬಂದು ಮೋಜಿಗೆ ಸುಡುತ್ತಿದ್ದರು. ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ನ್ಯೂಟನ್ 1868ರಲ್ಲಿ ಇದರ ವಿರುದ್ಧ ದನಿಯೆತ್ತಿದ. ಮರುವರ್ಷವೇ ಕಡಲ ಹಕ್ಕಿಗಳ ರಕ್ಷಣೆಗೆ ಕಾಯ್ದೆ ಬಂತು. ಕಾಯ್ದೆ ಕಟ್ಟಿಹಾಕಿದ್ದು ಬಂದೂಕನ್ನು ಮಾತ್ರ. ಬೆಂಪ್ಟನ್ ಕಡಿಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಇಳಿದು ಬುಟ್ಟಿಗಟ್ಟಲೆ ಮೊಟ್ಟೆ ಎತ್ತುವ ಕಸುಬು 1954ರ ಕಾನೂನಿನವರೆಗೂ ನಡೆದೇ ಇತ್ತು.

ಕಾವಲಿನಿಂದಾಚೆಗೆ ಹೋಗಿ, ಹಾಳಾದ ನೆಲೆಯನ್ನು ಮತ್ತೆ ಕಟ್ಟುವ ಯೋಚನೆ ಹುಟ್ಟಿದ್ದು ಆಮೇಲೆ. ಅಮೆರಿಕದ ಸ್ಟೀಫನ್ ಕ್ರೆಸ್ 1973ರಲ್ಲಿ ಪಫಿನ್ ಎಂಬ ಕಡಲ ಹಕ್ಕಿಯ ಮರಿಗಳನ್ನು ಮೇಯ್ನ್ ರಾಜ್ಯದ ಈಸ್ಟರ್ನ್ ಎಗ್ ರಾಕ್‌ಗೆ ತಂದು ಬೆಳೆಸಲು ಶುರುಮಾಡಿದರು. ಹಕ್ಕಿಗಳನ್ನು ಕರೆಯಲು ಮರದ ಬೊಂಬೆಗಳನ್ನೂ ನಿಲ್ಲಿಸಿದರು. ಪಫಿನ್ ಜೋಡಿಗಳು ಅಲ್ಲಿ ಮರಿ ಮಾಡಿದ್ದು 1981ರಲ್ಲಿ. ಇನ್ನೊಂದು ದಾರಿ ಇಲಿಗಳ ನಿರ್ಮೂಲನ. ಹಡಗುಗಳಿಂದ ಇಳಿದ ಇಲಿಗಳು ಮೊಟ್ಟೆ ಮರಿಗಳನ್ನು ತಿಂದು ಮುಗಿಸುತ್ತಿದ್ದ ದಕ್ಷಿಣ ಜಾರ್ಜಿಯಾ ದ್ವೀಪ 2018ರಲ್ಲಿ ಇಲಿಮುಕ್ತವೆಂದು ಘೋಷಣೆಯಾಯಿತು.

ನಮ್ಮಲ್ಲಿ ಕಡಲ ಕಡಿಬಂಡೆಯೆಂದರೆ ಮೊದಲು ನೆನಪಾಗುವುದು ಮುರ್ಡೇಶ್ವರದಿಂದ ಕಾಣುವ ನೇತ್ರಾಣಿ. ಪಕ್ಷಿಶಾಸ್ತ್ರಜ್ಞ ಎ.ಒ. ಹ್ಯೂಮ್ 1875ರಲ್ಲಿ ಪಶ್ಚಿಮ ಕರಾವಳಿಯ ಪಕ್ಷಿಗಳನ್ನು ದಾಖಲಿಸುತ್ತ ಈ ದ್ವೀಪಕ್ಕೂ ಬಂದಿದ್ದ. ಬಿಳಿಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತದೆ. ಇದೇ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸಿತು, ಪರಿಸರದವರು ವಿರೋಧಿಸಿದರು. ಹರಕೆಗೆಂದು ಬಿಟ್ಟ ಆಡುಗಳೂ ಅಲ್ಲಿ ಸೇರಿಕೊಂಡಿವೆ. ಹೊರಗಿನಿಂದ ಬಂದ ಪ್ರಾಣಿಗಳ ವಿಷಯದಲ್ಲಿ ಜಗತ್ತಿನ ದ್ವೀಪಗಳ ಅನುಭವ ನೋಡಿದರೆ, ನೇತ್ರಾಣಿಯ ಆಡುಗಳನ್ನು ಕಡೆಗಣಿಸುವಂತಿಲ್ಲ ಎಂದೇ ನನಗೆ ಅನಿಸುತ್ತದೆ.

ಒಳನಾಡಿನಲ್ಲಿ ಕರ್ನಾಟಕ ಬೇಗ ಎಚ್ಚೆತ್ತಿತು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನ 1940ರಲ್ಲೇ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿತು. ಕಾವೇರಿ ಪ್ರವಾಹದಲ್ಲಿ ಅಲ್ಲಿನ ನಡುಗಡ್ಡೆಗಳು ಕೊಚ್ಚಿಹೋದಾಗ ಅರಣ್ಯ ಇಲಾಖೆ ಮರಳಿನ ಚೀಲ ಪೇರಿಸಿ ದಡ ಗಟ್ಟಿಮಾಡಿದೆ. ಕೊಕ್ಕರೆಬೆಳ್ಳೂರಿನ ದಾರಿ ಬೇರೆ: ಹಕ್ಕಿಗಳು ಕೂರುವ ಹುಣಸೆ ಮರದ ಒಡೆಯರಿಗೆ ಪರಿಹಾರ ಕೊಟ್ಟು, ಊರಿನವರನ್ನೇ ಕಾವಲುಗಾರರನ್ನಾಗಿ ಮಾಡಿಕೊಂಡು, 2007ರಲ್ಲಿ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು. ನ್ಯಾಮತಿಯವರಿಗೆ ಹತ್ತಿರದ್ದು ಮಂಡಗದ್ದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋದರೆ, ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಸಂತೆಯೇ ನೆರೆದಿರುತ್ತದೆ.

ಭದ್ರೆಯ ರೀವಗಳಿಗೆ ಮರದ ಆಸರೆಯೂ ಇಲ್ಲ. ಸುತ್ತಲಿನ ಕಾಡಿಗೇನೋ ರಕ್ಷಣೆಯಿದೆ: ಜಗರ ಕಣಿವೆಯ ಕಾಡು 1951ರಲ್ಲೇ ಅಭಯಾರಣ್ಯವಾಗಿ, 1974ರಲ್ಲಿ ಲಕ್ಕವಳ್ಳಿ ಕಾಡೂ ಸೇರಿ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅಣೆಕಟ್ಟು ಕಟ್ಟಿದ ಮೇಲೆ ಮುಳುಗಿದ ಗುಡ್ಡಗಳ ನೆತ್ತಿಗಳು ನೀರಿಳಿದಾಗ ತಲೆಯೆತ್ತಿ ನಡುಗಡ್ಡೆಗಳಾಗುತ್ತವೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕತ್ತರಿಬಾಲದ ಹಕ್ಕಿ ಅಲ್ಲಿ ಬರಿನೆಲವನ್ನು ಸ್ವಲ್ಪ ಕೆದರಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಗೂಡೆಂದರೆ ಅಷ್ಟೇ. ಮೊಟ್ಟೆಯ ಬಣ್ಣ ಕಲ್ಲುಮಣ್ಣಿನ ಜತೆ ಬೆರೆತು ಕಾಲಡಿಗೆ ಬಂದರೂ ಕಾಣುವುದಿಲ್ಲ. ಏಪ್ರಿಲ್ ಬಿಸಿಲಿಗೆ ಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಫೋಟೊಗೆಂದು ದೋಣಿ ತೀರಾ ಹತ್ತಿರ ಹೋಗಿ ಹಕ್ಕಿಯನ್ನು ಎಬ್ಬಿಸಿದರೆ, ನೆರಳಿಲ್ಲದ ಆ ಕಲ್ಲಿನ ಮೇಲೆ ಒಳಗಿನ ಜೀವ ಬೇಯಲು ಹೆಚ್ಚು ಹೊತ್ತು ಬೇಕಿಲ್ಲ. ಐಯುಸಿಎನ್ 2020ರಲ್ಲಿ ಈ ಪ್ರಭೇದವನ್ನು ಅಳಿವಿನ ಅಪಾಯಕ್ಕೆ ಗುರಿಯಾಗಬಲ್ಲವುಗಳ ಪಟ್ಟಿಗೆ ಸೇರಿಸಿತು. ದೇಶದ ನದಿಗಳಲ್ಲಿ ಮರಳ ದಿಬ್ಬಗಳು ಹಾಳಾಗುತ್ತಿರುವಾಗ, ಮನುಷ್ಯ ಕಟ್ಟಿದ ಜಲಾಶಯವೊಂದು ಇವಕ್ಕೆ ದೊಡ್ಡ ಆಸರೆಯಾಗಿದೆ.

ಹಾಗಾಗಿ ಇಲ್ಲಿ ಕಾವಲು ಎಂದರೆ ನೀರಿನ ಲೆಕ್ಕ. ಬೇಸಿಗೆ ಬೆಳೆಗೆ ನಾಲೆ ಹರಿಸಿದಂತೆ ನಡುಗಡ್ಡೆ ತೆರೆದುಕೊಳ್ಳುತ್ತದೆ. ಅಂದರೆ ನಮ್ಮ ಗದ್ದೆ ತೋಟಗಳೇ ಹಕ್ಕಿಗೆ ಜಾಗ ಬಿಡಿಸಿಕೊಡುತ್ತವೆ. ಮಟ್ಟ ಅತಿಯಾಗಿ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಮರಿಗಳು ಹಾರುವ ಮೊದಲೇ ನೀರು ಏರಿದರೆ ತಗ್ಗಿನ ಗೂಡುಗಳು ಮುಳುಗುತ್ತವೆ. ನೀರು ಬಿಡುವ, ನಿಲ್ಲಿಸುವ ದಿನಗಳನ್ನು ಗೊತ್ತುಮಾಡುವುದು ನೀರಾವರಿ ಸಲಹಾ ಸಮಿತಿ. ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಭೆಗಳಲ್ಲಿ ಅಡಿಕೆ, ಭತ್ತ, ಕುಡಿಯುವ ನೀರಿನ ಜೊತೆಗೆ ಮಾರ್ಚ್‌ನಿಂದ ಮೇವರೆಗಿನ ಗೂಡಿನ ಮಟ್ಟದ ಮಾತೂ ಬರಬೇಕು. ರೈತರ ನೀರು ಕಿತ್ತುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಯಾವ ಅಡಿಯಲ್ಲಿ ಯಾವ ನಡುಗಡ್ಡೆ ತೆರೆಯುತ್ತದೆ, ಯಾವುದು ದಡ ಸೇರುತ್ತದೆ ಎಂಬ ಪಟ್ಟಿಯನ್ನು ಅರಣ್ಯ ಇಲಾಖೆ ಮತ್ತು ನೀರಾವರಿ ನಿಗಮ ಕೂಡಿ ಇಟ್ಟುಕೊಂಡರೆ ಸಾಕು.

ಇದಕ್ಕೆ ಈಗ ಅವಸರವೂ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಅಲ್ಲಿಂದ 29.9 ಟಿಎಂಸಿಯನ್ನು ಬಯಲುಸೀಮೆಗೆ ಒಯ್ಯಬೇಕು. ಜಗಳೂರು ಆ ನೀರಿಗಾಗಿ ವರ್ಷಗಳಿಂದ ಕಾಯುತ್ತಿದೆ, ಅದು ಬರಲೇಬೇಕು. ಯೋಜನೆ ಪೂರ್ಣವಾಗಿ ನಡೆದಾಗ ಜಲಾಶಯ ಏರಿಳಿಯುವ ಕ್ರಮ ಈಗಿನಂತೆಯೇ ಇರುವುದಿಲ್ಲ. ಗೂಡಿನ ಮಟ್ಟಗಳ ಅಳತೆಯನ್ನು ಅದಕ್ಕೆ ಮುಂಚೆಯೇ ತೆಗೆದಿಟ್ಟುಕೊಳ್ಳಬೇಕು.